ವರ್ಸೋವಾದಲ್ಲಿ ಹನ್ನೆರಡು ದಿನ: ನಟರಿಗಾಗಿ ನಡೆಯುವ ಚಿತ್ರಕಥೆ ಮತ್ತು ನಿರ್ದೇಶನ ಶಿಬಿರವೊಂದರ ವಿಮರ್ಶೆ

ಮುಂಬಯಿಯ ಅಂಧೇರಿ ಪಶ್ಚಿಮದ ವರ್ಸೋವಾದಲ್ಲಿ, ಆರಾಮ್ ನಗರದ ಹಳೆಯ ಮನೆಯೊಂದರಲ್ಲಿ, ನಟರಿಗೆ ಚಿತ್ರಕಥೆ ಮತ್ತು ನಿರ್ದೇಶನ ಕಲಿಸುವ ಶಿಬಿರವೊಂದಕ್ಕೆ ಕಳೆದ ಮಳೆಗಾಲದಲ್ಲಿ ನಾನು ಸೇರಿದ್ದೆ. ಆರು ವಾರಾಂತ್ಯ, ಅಂದರೆ ಹನ್ನೆರಡು ದಿನ, ದಿನಕ್ಕೆ ಐದು ಗಂಟೆ. ಶುಲ್ಕ 24,000 ರೂಪಾಯಿ. ಮುಂಬಯಿ ಕನ್ನಡ ರಂಗಭೂಮಿಯ ಮೂರ್ನಾಲ್ಕು ಗೆಳೆಯರು ‘ಹೇಗಿತ್ತು, ನಾವೂ ಸೇರಬಹುದೇ’ ಎಂದು ವಿಚಾರಿಸಿದ್ದರಿಂದ, ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿಯಾಗಿ ಬರೆದಿಡುವುದು ಲೇಸೆಂದು ತೋರಿತು. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಕೆಲವು ಆಕ್ಷೇಪಗಳೂ ಬರುತ್ತವೆ. ಅಲ್ಲದೆ ಇಂಥ ಶಿಬಿರಗಳು ಆ ಭಾಗದಲ್ಲಿ ಹಲವಾರು ಇರುವುದರಿಂದ, ಯಾವುದಕ್ಕೆ ಸೇರುವವರಾದರೂ ವಿಚಾರಿಸಿಕೊಳ್ಳಬೇಕಾದದ್ದು ಹೆಚ್ಚುಕಡಿಮೆ ಇದೇ.

ನನ್ನ ಹಿನ್ನೆಲೆಯನ್ನು ಹೇಳದೆ ಈ ವಿಮರ್ಶೆ ಅರ್ಥವಾಗುವುದಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ರಂಗದ ಮೇಲೆ ಮತ್ತು ಕರ್ನಾಟಕ ಸಂಘದ ಸಭಾಗೃಹದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಣ್ಣ ಹಚ್ಚುತ್ತಿದ್ದೇನೆ. ಹೊಟ್ಟೆಪಾಡಿಗೆ ಜಾಹೀರಾತುಗಳ ಕನ್ನಡ ಡಬ್ಬಿಂಗು, ಆಗೊಮ್ಮೆ ಈಗೊಮ್ಮೆ ಹಿಂದಿ ಧಾರಾವಾಹಿಗಳಲ್ಲಿ ಪಕ್ಕದ ಮನೆಯ ‘ಸೌತ್ ಇಂಡಿಯನ್ ಅಂಕಲ್’ ಪಾತ್ರ. ಆ ಅಂಕಲ್ ಯಾವ ಊರಿನವನೆಂದು ಇದುವರೆಗೆ ಯಾರೂ ಬರೆದುಕೊಟ್ಟಿಲ್ಲ. ಹಣೆಯ ಮೇಲೆ ಮೂರು ಪಟ್ಟಿ ವಿಭೂತಿ, ಬಾಯಲ್ಲಿ ಒಂದು ‘ಅಯ್ಯೋ’, ಅಲ್ಲಿಗೆ ಪಾತ್ರ ಮುಗಿಯಿತು. ಬರೆದವರು ಹೀಗೆ ಬರೆಯುತ್ತಾರೆಂದು ವರ್ಷಗಟ್ಟಲೆ ಗೊಣಗಿಕೊಂಡ ಮೇಲೆ, ನಾನೇ ಬರೆದು ನಾನೇ ನಿರ್ದೇಶಿಸಿದರಾಯಿತು ಎಂಬ ಹುಂಬ ಧೈರ್ಯ ಬಂದದ್ದು ಸಹಜವೇ. ಶಿಬಿರಕ್ಕೆ ಬಂದಿದ್ದ ಹದಿನಾಲ್ಕು ಮಂದಿಯಲ್ಲಿ ಬಹುತೇಕರು ಇಂಥದ್ದೇ ಗೊಣಗಾಟದಿಂದ ಬಂದವರಾಗಿದ್ದರು.

ಸ್ಥಳದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಾಟುಂಗಾದಿಂದ ಬರುವವರು ಮಧ್ಯ ರೈಲ್ವೆಯ ಸ್ಲೋ ಲೋಕಲ್‌ನಲ್ಲಿ ಘಾಟ್ಕೋಪರಿಗೆ ಹೋಗಿ, ಅಲ್ಲಿಂದ ಮೆಟ್ರೋ ಹಿಡಿದು ಕೊನೆಯ ನಿಲ್ದಾಣವಾದ ವರ್ಸೋವಾದಲ್ಲಿ ಇಳಿದು ರಿಕ್ಷಾ ಮಾಡಿಕೊಳ್ಳಬೇಕು. ಆರಾಮ್ ನಗರವೆಂದರೆ ತಗ್ಗು ಛಾವಣಿಯ ಹಳೆಯ ಮನೆಗಳ ಸಾಲು. ಈಗ ಅವುಗಳಲ್ಲಿ ಎಷ್ಟೋ ಮನೆಗಳು ಆಡಿಷನ್ ಕೋಣೆಗಳಾಗಿ, ಸಣ್ಣ ರಂಗಮಂದಿರಗಳಾಗಿ ಮಾರ್ಪಟ್ಟಿವೆ. ಓಣಿಯುದ್ದಕ್ಕೂ ಕೈಯಲ್ಲಿ ಕಾಗದ ಹಿಡಿದು ಗೋಡೆಯ ಕಡೆ ಮುಖ ಮಾಡಿ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಹುಡುಗ ಹುಡುಗಿಯರು ಕಾಣಿಸುತ್ತಾರೆ. ಶಿಬಿರದ ಕೋಣೆ ಅಚ್ಚುಕಟ್ಟಾಗಿತ್ತು, ಕುರ್ಚಿಗಳೂ ಸಾಲುವಷ್ಟಿದ್ದವು. ತಗಡಿನ ಛಾವಣಿಯ ಮೇಲೆ ಮಳೆ ಬಿದ್ದಾಗ ಮಾತ್ರ ಪಾಠವೇ ನಿಂತುಹೋಗುತ್ತಿತ್ತು. ಧ್ವನಿಗ್ರಹಣದ ಮೊದಲ ಪಾಠ ಎಂದರೆ ಇದೇ ಎಂದು ಶಿಕ್ಷಕರು ನಕ್ಕು ಚಹಾ ತರಿಸುತ್ತಿದ್ದರು.

ಕಲಿಸುವವರು ಒಬ್ಬರೇ. ಅವರೂ ನಟರಾಗಿ ಬಂದು ಬರವಣಿಗೆಗೆ ಹೊರಳಿದವರು. ಕಲಿಸುವ ಕ್ರಮದಲ್ಲಿ ಅವರದೇ ಆದ ಒಂದು ಪಟ್ಟು ಇದೆ, ಮತ್ತು ಕೊಟ್ಟ ಹಣದ ಬಹುಪಾಲು ನನಗೆ ವಸೂಲಾದದ್ದು ಆ ಒಂದೇ ಪಟ್ಟಿನಿಂದ ಎಂದು ಈಗ ಅನ್ನಿಸುತ್ತದೆ. ಎರಡನೆಯ ದಿನ, ನಿಮಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ನಡೆಯುವ, ಎರಡೇ ಪಾತ್ರಗಳಿರುವ ಐದು ನಿಮಿಷದ ದೃಶ್ಯವೊಂದನ್ನು ಬರೆದು ತನ್ನಿ ಎಂದರು. ಬರೆದು ತಂದ ಮೇಲೆ, ‘ಇದರಲ್ಲಿ ನೀವು ಯಾವ ಪಾತ್ರ ಮಾಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರೋ ಅದನ್ನು ಪಕ್ಕದವರಿಗೆ ಕೊಡಿ, ಉಳಿದದ್ದನ್ನು ನೀವು ಓದಿ’ ಎಂದರು.

ನಾನು ಬರೆದದ್ದು ದಕ್ಷಿಣ ಮುಂಬಯಿಯ ಫೋರ್ಟ್ ಭಾಗದ ಒಂದು ಕನ್ನಡ ರಾತ್ರಿ ಶಾಲೆಯ ದೃಶ್ಯ. ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ತಾಟು ತೊಳೆದು, ರಾತ್ರಿ ಪುಸ್ತಕ ಹಿಡಿದು ಬೆಂಚಿನ ಮೇಲೆ ಕೂತ ಹುಡುಗರ ಕಥೆ ಮುಂಬಯಿ ಕನ್ನಡಿಗರ ಮನೆಮನೆಯಲ್ಲೂ ಒಂದೊಂದು ಇದ್ದೇ ಇರುತ್ತದೆ. ಪಾಠದ ನಡುವೆ ತೂಕಡಿಸುವ ಒಬ್ಬ ಹುಡುಗ, ಅವನನ್ನು ಎಬ್ಬಿಸುವ ಒಬ್ಬ ಮೇಷ್ಟ್ರು. ಮೇಷ್ಟ್ರ ಪಾತ್ರ ನನ್ನದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ; ಅದಕ್ಕೆ ತಕ್ಕಂತೆ ವಿದ್ಯೆ, ಬಡತನ, ಊರು, ತಾಯಿ ಎಲ್ಲವೂ ಬಂದುಹೋಗುವ ಎರಡೂವರೆ ಪುಟದ ಮಾತನ್ನು ಮೇಷ್ಟ್ರ ಬಾಯಲ್ಲಿ ಇಟ್ಟಿದ್ದೆ. ಓದುವ ಸರದಿ ಬಂದಾಗ ಡೊಂಬಿವಲಿಯಿಂದ ಬರುತ್ತಿದ್ದ, ತುಳು ಮನೆಮಾತಿನ ಹುಡುಗಿಯೊಬ್ಬಳು ನನ್ನ ಮೇಷ್ಟ್ರನ್ನು ಓದಿದಳು, ನಾನು ಹುಡುಗನನ್ನು ಓದಿದೆ. ಓದಿದೆ ಎನ್ನುವುದೂ ತಪ್ಪೇ. ಆ ಹುಡುಗನಿಗೆ ನಾನು ಕೊಟ್ಟಿದ್ದ ಮಾತು ಒಟ್ಟು ನಾಲ್ಕು: ‘ಹೂಂ ಸಾರ್’, ‘ಇಲ್ಲ ಸಾರ್’, ‘ಹೂಂ ಸಾರ್’, ಕೊನೆಗೆ ಒಂದು ‘ಆಯ್ತು ಸಾರ್’. ಉಳಿದ ಹೊತ್ತೆಲ್ಲ ಹದಿಮೂರು ಜನರ ಎದುರು ಕಾಗದ ಹಿಡಿದು, ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ನಾನೇ ಬರೆದ ಉಪದೇಶವನ್ನು ನಾನೇ ಕೇಳಿಸಿಕೊಳ್ಳುತ್ತ ಕೂತಿದ್ದೆ. ಧಾರಾವಾಹಿಯ ಅಂಕಲ್‌ನಿಗೆ ಒಂದು ‘ಅಯ್ಯೋ’ ಕೊಟ್ಟ ಬರಹಗಾರರಿಗೂ ನನಗೂ ಏನು ವ್ಯತ್ಯಾಸ ಎಂದು ಆ ಕ್ಷಣದಲ್ಲಿ ಅನ್ನಿಸಿದ್ದನ್ನು ಮುಚ್ಚಿಡಲಾರೆ.

ಶಿಕ್ಷಕರು ಏನೂ ಹೇಳಲಿಲ್ಲ. ಹೇಳಿದವಳು ಡೊಂಬಿವಲಿಯ ಹುಡುಗಿ. ‘ಅಣ್ಣಾ, ಈ ಹುಡುಗ ತಾಟು ತೊಳೆದು ಬಂದವನು ಅಂತ ಮೇಷ್ಟ್ರು ಮೂರು ಸಲ ಹೇಳ್ತಾರೆ. ಅವನ ಕೈ ಮಾತ್ರ ಎಲ್ಲೂ ಕಾಣ್ಲಿಲ್ಲ ನೋಡಿ’ ಎಂದಳು. ಅವಳ ತಂದೆ ಚಿಕ್ಕಂದಿನಲ್ಲಿ ಅಂಥದೇ ಹೋಟೆಲೊಂದರ ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಕೂತು ಕೆಲಸ ಮಾಡಿದವರಂತೆ. ಸೋಡಾ ಪುಡಿಯ ನೀರಿನಲ್ಲಿ ಆರೇಳು ಗಂಟೆ ಮುಳುಗಿದ ಬೆರಳಿನ ತುದಿ ಬೆಳ್ಳಗೆ ಸುಕ್ಕಾಗಿ ಪೆನ್ನು ಹಿಡಿಯಲು ಬರುವುದಿಲ್ಲ, ಹಿಡಿದರೂ ಶಾಯಿ ಹರಡುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ.

ಮೂರನೆಯ ವಾರಕ್ಕೆ ನಾನು ತಿದ್ದಿ ತಂದ ದೃಶ್ಯದಲ್ಲಿ ಹುಡುಗ ಹಿಂದಿನ ಬೆಂಚಿನಲ್ಲಿ ಕೂತು ಉಕ್ತಲೇಖನ ಬರೆಯುತ್ತಾನೆ. ಬೆರಳು ತಾಗಿದ ಕಡೆ ಅಕ್ಷರ ಕದಡುತ್ತದೆ, ಒರೆಸಲು ಹೋದರೆ ಕಾಗದ ಹರಿಯುತ್ತದೆ, ಹಾಳೆ ಮಗುಚಿದರೆ ನೋಟುಬುಕ್ಕಿನಲ್ಲಿ ಉಳಿದಿರುವುದು ಎರಡೇ ಹಾಳೆ. ಸಾಲುಗಳ ನಡುವೆ ನಡೆದು ಬರುವ ಮೇಷ್ಟ್ರು ಅದನ್ನು ನೋಡಿ, ಕರಿಹಲಗೆ ಒರೆಸುವ ಬಟ್ಟೆಯನ್ನು ಬೆಂಚಿನ ಮೇಲಿಟ್ಟು ‘ಕೈ ಒರೆಸಿಕೋ’ ಎನ್ನುತ್ತಾರೆ. ಹುಡುಗ ಒರೆಸಿಕೊಂಡರೆ ಕೈಯೆಲ್ಲ ಸೀಮೆಸುಣ್ಣದ ಬಿಳಿ. ಮೇಷ್ಟ್ರ ಎರಡೂವರೆ ಪುಟ ಎರಡು ಪದವಾಗಿತ್ತು. ಈ ಸಲ ಹುಡುಗನ ಪಾತ್ರ ಓದಿದಾಗ ಮಾತು ಮೊದಲಿಗಿಂತಲೂ ಕಡಿಮೆ ಇತ್ತು, ಆದರೆ ಮಾಡುವುದಕ್ಕೆ ಕೈತುಂಬ ಕೆಲಸವಿತ್ತು.

ನಟರು ಬರೆಯಲು ಕೂತಾಗ ತಪ್ಪುವುದು ಎಲ್ಲಿ ಎಂಬುದನ್ನು ಈ ಶಿಬಿರ ಬೇರೆ ಬೇರೆ ಬಗೆಯಲ್ಲಿ ಮತ್ತೆ ಮತ್ತೆ ಮುಟ್ಟಿಸುತ್ತದೆ. ನಟನಿಗೆ ಚಿತ್ರಕಥೆ ಬಂದು ಸೇರುವುದೇ ಅವನ ಪಾತ್ರದ ಪುಟಗಳಾಗಿ. ತನ್ನ ಸಾಲುಗಳಿಗೆ ಗೆರೆ ಹಾಕಿಕೊಂಡು ಓದುವುದು ಅವನ ವೃತ್ತಿಯ ರೂಢಿ. ಆ ರೂಢಿಯಲ್ಲೇ ಬರೆದರೆ ಎಲ್ಲ ಪಾತ್ರಗಳೂ ಬರೆದವನಿಗೆ ಎತ್ತಿಕೊಡುವ ಪಾತ್ರಗಳಾಗುತ್ತವೆ. ಇನ್ನೊಂದು ಕಡೆ, ನಟನಾದವನಿಗೆ ಬಾಯಲ್ಲಿ ನಿಲ್ಲುವ ಮಾತು ಯಾವುದು, ಉಸಿರು ಎಲ್ಲಿ ಒಡೆಯುತ್ತದೆ, ಯಾವ ಸಾಲನ್ನು ಹೇಳದೆಯೇ ಕಣ್ಣಿನಲ್ಲಿ ದಾಟಿಸಬಹುದು ಎಂಬುದು ಬೇರೆ ಬರಹಗಾರರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆ ಬಂಡವಾಳವನ್ನು ಬಳಸಿಕೊಳ್ಳುವುದಕ್ಕೆ ಮೊದಲು ಸ್ವಂತ ಪಾತ್ರದ ಮೋಹ ಬಿಡಬೇಕು ಎನ್ನುವುದಷ್ಟೇ ಮೊದಲ ಮೂರು ವಾರಗಳ ಸಾರ, ಮತ್ತು ಆ ಮೂರು ವಾರಗಳ ಮಟ್ಟಿಗೆ ನನ್ನಲ್ಲಿ ದೂರೇ ಇಲ್ಲ.

ಉದಾಹರಣೆಗಳ ವಿಷಯಕ್ಕೆ ಬಂದರೆ ನಿರಾಸೆಯಾಯಿತು. ನಟನೆಯಿಂದ ನಿರ್ದೇಶನಕ್ಕೆ ಹೋದವರೆಂದು ತೋರಿಸಿದವರಲ್ಲಿ ಹಾಲಿವುಡ್ಡಿನವರೇ ಹೆಚ್ಚು, ಹಿಂದಿಯಿಂದ ಗುರುದತ್ ಒಬ್ಬರು. ಗುರುದತ್ ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದವರೆಂದು ನಾನು ಹೇಳಿದಾಗ ಕೋಣೆಯಲ್ಲಿ ಹಲವರಿಗೆ ಆಶ್ಚರ್ಯ. ಅದಕ್ಕಿಂತ ಮುಖ್ಯವಾದದ್ದು, ಅವರು ಒಂದೇ ನೆಗೆತಕ್ಕೆ ನಿರ್ದೇಶಕರಾದವರಲ್ಲ ಎಂಬುದು. 1944ರಲ್ಲಿ ಪುಣೆಯ ಪ್ರಭಾತ್ ಕಂಪನಿಗೆ ಅವರು ಬಂದದ್ದು ನೃತ್ಯ ಸಂಯೋಜಕರಾಗಿ. ಅಲ್ಲಿ ಸಣ್ಣ ಪಾತ್ರಗಳನ್ನು ಮಾಡಿ, ಸಹಾಯಕ ನಿರ್ದೇಶಕರಾಗಿ ದುಡಿದು, ಮೊದಲ ಚಿತ್ರ ನಿರ್ದೇಶಿಸುವ ಹೊತ್ತಿಗೆ 1951 ಬಂದಿತ್ತು. ಆ ಪ್ರಭಾತ್ ಸ್ಟುಡಿಯೋದ ಆವರಣದಲ್ಲೇ 1960ರಲ್ಲಿ ಆರಂಭವಾದ ಪುಣೆಯ ಫಿಲ್ಮ್ ಸಂಸ್ಥೆಗೆ ಎಪ್ಪತ್ತರ ದಶಕದ ನಡುವೆ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. ಅವರೂ 1970ರಲ್ಲಿ ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದು ಅದರಲ್ಲೇ ಪ್ರಾಣೇಶಾಚಾರ್ಯರಾಗಿ ನಟಿಸಿ, ಮರುವರ್ಷ ಬಿ.ವಿ. ಕಾರಂತರ ಜೊತೆಗೂಡಿ ‘ವಂಶವೃಕ್ಷ’ವನ್ನು ನಿರ್ದೇಶಿಸಿದವರು. ಮುಂಬಯಿ ಕನ್ನಡಿಗರಿಗೆ ಇವರೆಲ್ಲರಿಗಿಂತ ಹತ್ತಿರದವರು ಶಂಕರ್ ನಾಗ್. ಇದೇ ಊರಿನಲ್ಲಿ ಬ್ಯಾಂಕ್ ನೌಕರಿ ಮಾಡುತ್ತ ಮರಾಠಿ ರಂಗಭೂಮಿಯಲ್ಲಿ ಪಳಗಿದ ಅವರು, 1978ರಲ್ಲಿ ಕಾರ್ನಾಡರ ಚಿತ್ರದಲ್ಲಿ ನಾಯಕರಾಗಿ, ಮರುವರ್ಷ ಮರಾಠಿ ಚಿತ್ರವೊಂದರ ಬರವಣಿಗೆಗೆ ಕೈಗೂಡಿಸಿ, 1980ರಲ್ಲಿ ‘ಮಿಂಚಿನ ಓಟ’ವನ್ನು ನಿರ್ದೇಶಿಸಿದರು. ನಟನೆಗೂ ನಿರ್ದೇಶನಕ್ಕೂ ನಡುವೆ ಒಬ್ಬರಿಗೆ ಸಹಾಯಕನ ದುಡಿಮೆ, ಇಬ್ಬರಿಗೆ ಬರವಣಿಗೆ ಮೆಟ್ಟಿಲಾಗಿತ್ತು. ಹನ್ನೆರಡು ದಿನಗಳಲ್ಲಿ ನಿರ್ದೇಶಕರಾಗಬಹುದು ಎಂಬ ಧ್ವನಿಯಲ್ಲಿ ಶಿಬಿರದ ಜಾಹೀರಾತು ಇರುವುದರಿಂದ ಈ ಮಾತನ್ನು ಇಷ್ಟು ಬೆಳೆಸಿದೆ.

ಭಾಷೆಯದು ಬೇರೆಯೇ ತೊಡಕು. ಪಾಠ ಹಿಂದಿಯಲ್ಲಿ, ಟಿಪ್ಪಣಿಗಳು ಇಂಗ್ಲಿಷಿನಲ್ಲಿ, ಚಿತ್ರಕಥೆ ರೋಮನ್ ಲಿಪಿಯ ಹಿಂದಿಯಲ್ಲಿ. ಕನ್ನಡದಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದರು, ಆದರೆ ಓದಿ ತಿದ್ದುವುದಕ್ಕೆ ಅನುವಾದ ಕೊಡಬೇಕಾಗುತ್ತಿತ್ತು. ಅವರು ಕೊಟ್ಟ ತಂತ್ರಾಂಶದಲ್ಲಿ ನನ್ನ ಕನ್ನಡ ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾದವು. ಕಡೆಗೆ ಸಾಮಾನ್ಯ ಕಡತದಲ್ಲೇ ಅಂಚು ಬಿಟ್ಟು ಕೈಯಾರೆ ಹೊಂದಿಸಿಕೊಂಡೆ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕವೊಂದು ಈ ಕಸುಬಿನಲ್ಲಿದೆ. ಹನ್ನೆರಡು ಪಾಯಿಂಟಿನ ಕೂರಿಯರ್ ಅಕ್ಷರದಲ್ಲಿ, ನಿಗದಿತ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಿದ ಪುಟಕ್ಕೆ ಅದು ಹುಟ್ಟಿದ ಲೆಕ್ಕ. ಒತ್ತಕ್ಷರಕ್ಕಾಗಿ ಸಾಲುಗಳ ನಡುವೆ ಜಾಗ ಬೇಡುವ, ಮೂರು ಪದಗಳನ್ನು ಸಂಧಿಯಲ್ಲಿ ಒಂದೇ ಪದವಾಗಿಸುವ ಕನ್ನಡಕ್ಕೆ ಅದು ಹೊಂದುವುದಿಲ್ಲ. ನನ್ನ ಹನ್ನೊಂದು ಪುಟಗಳನ್ನು ಗಟ್ಟಿಯಾಗಿ ಓದಿ ಗಡಿಯಾರ ನೋಡಿದರೆ ಹದಿನಾಲ್ಕು ನಿಮಿಷ ಆಗುತ್ತಿತ್ತು. ಇದನ್ನು ಕೇಳಿದಾಗ ಶಿಕ್ಷಕರ ಬಳಿ ಉತ್ತರವಿರಲಿಲ್ಲ, ಗಟ್ಟಿಯಾಗಿ ಓದಿ ಅಳೆಯುವುದನ್ನೇ ಮುಂದುವರಿಸಿ ಎಂದರು. ಅದು ಪ್ರಾಮಾಣಿಕ ಉತ್ತರ, ನಾಟಕದವನಿಗೆ ಅಭ್ಯಾಸವೂ ಇರುವಂಥದು.

ನಿರ್ದೇಶನದ ಭಾಗ ದುರ್ಬಲ. ಮಾಸ್ಟರ್ ಶಾಟ್ (ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯುವ ಶಾಟ್), ದೃಶ್ಯ ವಿಭಜನೆ, ಇಬ್ಬರು ಮಾತಾಡುವಾಗ ಕ್ಯಾಮೆರಾ ದಾಟಬಾರದ ಗೆರೆ, ಇಪ್ಪತ್ತನಾಲ್ಕು ಮತ್ತು ಎಂಬತ್ತೈದು ಮಿಲಿಮೀಟರಿನ ಲೆನ್ಸುಗಳು ಒಂದೇ ಮುಖವನ್ನು ಹೇಗೆ ಬೇರೆಯಾಗಿ ತೋರಿಸುತ್ತವೆ ಎಂಬುದನ್ನೆಲ್ಲ ಒಂದೂವರೆ ದಿನದಲ್ಲಿ ಓಡಿಸಿದರು. ಚಿತ್ರೀಕರಣದ ಎರಡು ದಿನಗಳಿಗೆ ಹದಿನಾಲ್ಕು ಜನರ ನಡುವೆ ಇದ್ದದ್ದು ಒಂದೇ ಕ್ಯಾಮೆರಾ. ತಲೆಗೆ ಇಪ್ಪತ್ತೈದು ನಿಮಿಷ. ಏಳು ಶಾಟ್ ಬರೆದುಕೊಂಡು ಹೋದವನು ಮೂರು ತೆಗೆದೆ. ಮೂರನೆಯದರಲ್ಲಿ ಮಳೆ ಬಂತು. ಜಾಹೀರಾತಿನಲ್ಲಿ ‘ಪ್ರತಿಯೊಬ್ಬರೂ ಸ್ವಂತ ಕಿರುಚಿತ್ರದೊಂದಿಗೆ ಹೊರಡುತ್ತಾರೆ’ ಎಂದಿರುವುದನ್ನು ಇಲ್ಲಿ ನೆನಪಿಸದೆ ಇರಲಾರೆ. ನಾನು ಹೊರಟದ್ದು ಒಂದು ನಿಮಿಷ ಹತ್ತು ಸೆಕೆಂಡಿನ ತುಣುಕಿನೊಂದಿಗೆ, ಅದರಲ್ಲೂ ಕೊನೆಯ ಹದಿನೈದು ಸೆಕೆಂಡು ತಗಡಿನ ಸದ್ದು.

ಆದರೂ ಆ ಇಪ್ಪತ್ತೈದು ನಿಮಿಷದಲ್ಲಿ ಒಂದು ಸಂಗತಿ ನಡೆಯಿತು. ಹುಡುಗ ಪಾಠವನ್ನು ತಡವರಿಸುತ್ತ ಓದುವ ಶಾಟಿನಲ್ಲಿ, ಮೇಷ್ಟ್ರ ವೇಷದಲ್ಲಿ ನಾನೇ ಎದುರಿಗೆ ನಿಂತಿದ್ದೆ. ನನಗೆ ಚೆನ್ನಾಗಿಯೇ ಬಂದಿದೆ ಅನ್ನಿಸಿ ಮುಂದಿನ ಶಾಟಿಗೆ ಹೊರಟವನನ್ನು ಶಿಕ್ಷಕರು ತಡೆದು ಮಾನಿಟರಿನ ಮುಂದೆ ಕೂರಿಸಿದರು. ಹುಡುಗ ಓದುತ್ತಿದ್ದ ಪ್ರತಿ ಪದಕ್ಕೂ ನನ್ನ ತುಟಿ ಅಲ್ಲಾಡುತ್ತಿತ್ತು. ಅವನು ತಡವರಿಸುವ ಮೊದಲೇ ನನ್ನ ಹುಬ್ಬು ಮೇಲೇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ರಂಗದ ಮೇಲೆ ಒಮ್ಮೆಯೂ ನಾನು ಎದುರಿನವರ ಮಾತನ್ನು ಹೀಗೆ ಬಾಯಲ್ಲಿ ಆಡಿದವನಲ್ಲ. ಬರೆದವನು, ನಿರ್ದೇಶಿಸುವವನು ನಾನೇ ಆದ್ದರಿಂದ ಮೇಷ್ಟ್ರ ಕಣ್ಣಿನಿಂದ ಹುಡುಗನನ್ನು ನೋಡುವ ಬದಲು ಪರೀಕ್ಷಕನ ಕಣ್ಣಿನಿಂದ ನೋಡುತ್ತಿದ್ದೆ. ತಾವೇ ಬರೆದು, ತಾವೇ ನಿರ್ದೇಶಿಸಿ, ತಾವೇ ಮುಖ್ಯಪಾತ್ರದಲ್ಲಿ ನಿಲ್ಲುವವರನ್ನು, 2017ರಲ್ಲಿ ತಮ್ಮ ಮೊದಲ ಚಿತ್ರದಲ್ಲೇ ಅದನ್ನು ಮಾಡಿದ ರಾಜ್ ಬಿ. ಶೆಟ್ಟಿಯವರಂಥವರನ್ನು, ಅಲ್ಲಿಯವರೆಗೆ ನಾನು ಧೈರ್ಯವಂತರೆಂದು ಮಾತ್ರ ತಿಳಿದಿದ್ದೆ. ಕ್ಯಾಮೆರಾದ ಮುಂದಿರುವಾಗ ಹಿಂದಿನದನ್ನು ಮರೆಯುವುದು ಬೇರೆಯೇ ಒಂದು ಸಾಧನೆ ಎಂದು ಆ ಮಾನಿಟರಿನ ಮುಂದೆ ಗೊತ್ತಾಯಿತು.

ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳದೆ ಹೋದ ಪಾಠವೆಂದರೆ ಹಣ ಮತ್ತು ಕಾಗದಪತ್ರದ್ದು, ಅದು ಸೊಗಸಾಗಿತ್ತು. ಲೈನ್ ಪ್ರೊಡ್ಯೂಸರ್, ಅಂದರೆ ಚಿತ್ರೀಕರಣದ ದಿನದಿನದ ಖರ್ಚು ಮತ್ತು ವ್ಯವಸ್ಥೆ ನೋಡಿಕೊಳ್ಳುವವರು, ಆಗಿರುವ ಮಹಿಳೆಯೊಬ್ಬರು ನಾಲ್ಕು ಗಂಟೆ ಕೂತು ಲೆಕ್ಕ ಬಿಡಿಸಿದರು. ಶಾಲೆಯ ಕೋಣೆ ಖಾಸಗಿಯಾದ್ದರಿಂದ ಅದರ ಆಡಳಿತದವರ ಪತ್ರ ಸಾಕು. ಆದರೆ ಹುಡುಗ ರಸ್ತೆ ದಾಟುವ ಶಾಟಿಗೆ ರಾಜ್ಯ ಸರಕಾರದ ಏಕಗವಾಕ್ಷಿ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು, ಲೋಕಲ್ ರೈಲಿನಲ್ಲಿ ತೆಗೆಯುವುದಾದರೆ ರೈಲ್ವೆಯ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಬೇರೆಯೇ ಅರ್ಜಿ, ಬೇರೆಯೇ ಶುಲ್ಕ. ಅಷ್ಟು ಹೇಳಿ ಅವರು ನನ್ನ ಕಡೆ ತಿರುಗಿ, ‘ಆ ರೈಲು ಕಥೆಗೆ ಬೇಕೇ ಬೇಕೇ?’ ಎಂದರು. ಬೇಕಾಗಿರಲಿಲ್ಲ. ಬರೆದದ್ದನ್ನು ಯಾರಿಗಾದರೂ ಕಳುಹಿಸುವ ಮೊದಲು ಅಂಧೇರಿಯ ಚಿತ್ರಕಥೆಗಾರರ ಸಂಘದಲ್ಲಿ ಸದಸ್ಯತ್ವ ಪಡೆದು ನೋಂದಾಯಿಸಬೇಕೆಂದೂ, ಆ ನೋಂದಣಿ ನೀವು ಇಂಥ ದಿನ ಇದನ್ನು ಬರೆದಿದ್ದಿರಿ ಎಂಬುದಕ್ಕೆ ಸಾಕ್ಷಿಯೇ ಹೊರತು ಹಕ್ಕು ಹುಟ್ಟುವುದು ಬರೆದ ಕ್ಷಣದಲ್ಲೇ ಎಂದೂ ವಿವರಿಸಿದರು. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಬರಹಗಾರರಿಗೆ ರಾಯಲ್ಟಿಯಲ್ಲಿ ಪಾಲು ಕೊಡುತ್ತದೆ ಎಂಬ ಮಾತು ಕೇಳಿ, ತೊಂಬತ್ತು ದಿನ ಕಾದು ದಿನಗೂಲಿ ಎಣಿಸಿಕೊಳ್ಳುವ ಧಾರಾವಾಹಿ ನಟರಾದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಇನ್ನು ದೂರು. ಆರನೆಯ ಶನಿವಾರದ ಸಂಕಲನ ಪಾಠವನ್ನು ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪಿನಲ್ಲಿ ರದ್ದು ಮಾಡಿ, ಬದಲಿಗೆ ಯಾವುದೋ ಹಳೆಯ ತಂಡಕ್ಕೆ ಮಾಡಿದ ಪಾಠದ ವಿಡಿಯೋ ಕಳುಹಿಸಿದರು. ಸಂಕಲನವೆಂದರೆ ನಟನಿಗೆ ಎಲ್ಲಕ್ಕಿಂತ ಅಪರಿಚಿತವಾದ ಜಾಗ. ತಾನು ಅತ್ತು ಬೆವರಿದ ಶಾಟನ್ನು ಇನ್ನೊಬ್ಬರು ಯಾಕೆ ಎಸೆಯುತ್ತಾರೆಂದು ಅವನು ಎದುರಿಗೆ ಕೂತು ನೋಡಬೇಕು. ಅದನ್ನು ವಿಡಿಯೋದಲ್ಲಿ ಕಲಿಯುವುದಾದರೆ 24,000 ಕೊಡುವ ಅಗತ್ಯವಿರಲಿಲ್ಲ. ಆ ದಿನದ ಶುಲ್ಕ ಹಿಂತಿರುಗಿಸಿ ಎಂದು ಐದು ಮಂದಿ ಕೇಳಿದೆವು. ಮುಂದಿನ ತಂಡದ ಸಂಕಲನ ಪಾಠಕ್ಕೆ ಉಚಿತವಾಗಿ ಬನ್ನಿ ಎಂದು ಉತ್ತರ ಬಂತು; ಆ ತಂಡ ಯಾವಾಗ ಎಂಬುದಕ್ಕೆ ಉತ್ತರ ಇನ್ನೂ ಬಂದಿಲ್ಲ. ಸೇರುವವರು ಮೊದಲೇ ಕ್ಯಾಮೆರಾ ಎಷ್ಟು, ಒಬ್ಬೊಬ್ಬರಿಗೆ ಎಷ್ಟು ಹೊತ್ತು, ಪಾಠ ರದ್ದಾದರೆ ಏನು ಎಂಬ ಮೂರನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳಲಿ.

ಗೆಳೆಯರಿಗೆ ನನ್ನ ಸಲಹೆ ಇಷ್ಟು. ಬರೆಯಬೇಕೆಂಬ ನಟರಿಗೆ ಮೊದಲ ಮೂರು ವಾರ ಮತ್ತು ಆ ಲೆಕ್ಕದ ಪಾಠ ಸಾರ್ಥಕ. ಶಿಬಿರದವರು ಬರವಣಿಗೆಯ ಭಾಗವನ್ನಷ್ಟೇ ಅರ್ಧ ಶುಲ್ಕಕ್ಕೆ ಕೊಡುವುದಾದರೆ ಕಣ್ಣು ಮುಚ್ಚಿ ಸೇರಬಹುದು, ಕೇಳಿ ನೋಡಿ. ನಿರ್ದೇಶನವನ್ನೇ ಕಲಿಯಬೇಕೆನ್ನುವವರು ಅದೇ ಆರು ವಾರ ಯಾವುದಾದರೂ ಸೆಟ್ಟಿನಲ್ಲಿ ಸಹಾಯಕರಾಗಿ ನಿಂತರೆ ಹೆಚ್ಚು ಕಲಿಯುತ್ತಾರೆ, ಕೈಯಿಂದ ಹಣವೂ ಹೋಗುವುದಿಲ್ಲ. ಕನ್ನಡದಲ್ಲೇ ಬರೆಯುವವರು ಓದಿ ಹೇಳಲು ಒಬ್ಬ ಕನ್ನಡದ ಜೊತೆಗಾರರನ್ನು ಕರೆದುಕೊಂಡೇ ಸೇರಿ. ನನಗೆ ಡೊಂಬಿವಲಿಯ ಹುಡುಗಿ ಸಿಕ್ಕದ್ದು ಅದೃಷ್ಟ. ರಾತ್ರಿ ಶಾಲೆಯ ಚಿತ್ರಕಥೆ ಈಗ ಹದಿನಾಲ್ಕು ನಿಮಿಷಕ್ಕೆ ನಿಂತಿದೆ, ಡಿಸೆಂಬರಿನ ಎರಡು ಭಾನುವಾರ ಕೋಣೆ ಕೊಡಲು ಶಾಲೆಯೊಂದು ಒಪ್ಪಿದೆ, ಅವಳು ಸಹಾಯಕ ನಿರ್ದೇಶಕಿ. ಹುಡುಗನ ಪಾತ್ರಕ್ಕೆ ಮೂವರನ್ನು ನೋಡಿದ್ದೇವೆ. ಮೇಷ್ಟ್ರ ಪಾತ್ರಕ್ಕೆ ಅರವತ್ತರ ಆಸುಪಾಸಿನ, ಕನ್ನಡ ಸ್ಪಷ್ಟವಾಗಿರುವ, ಎರಡೇ ಪದದ ಮಾತಿದ್ದರೂ ಬೇಸರಪಡದ ನಟರೊಬ್ಬರು ಬೇಕಾಗಿದ್ದಾರೆ.